ಪಾಠ ಕಡಲು ದಾಟಿತು, ಸನದು ದಾಟಲಿಲ್ಲ

ವಿದೇಶದಲ್ಲಿ ನೆಲೆಸುವ ವಕೀಲರು ಅಲ್ಲಿ ಮತ್ತೆ ಕೋರ್ಟು ಹತ್ತಬೇಕಾದರೆ ಏನೇನು ಓದಬೇಕು? ಅದರಲ್ಲಿ ಎಷ್ಟನ್ನು ಮನೆಯಲ್ಲೇ ಕೂತು ಮುಗಿಸಬಹುದು? ಕೆನಡಾದ ಎನ್‌ಸಿಎ ದಾರಿಯ ಒಳಹೊರಗು ಇಲ್ಲಿದೆ.

ಮಾರ್ಕ್ ಆ್ಯಂಡ್ರೂಸ್ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿದವರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ವಕೀಲರಾಗಲು ಬೇಕಾದ ಅರ್ಹತೆಗಳೆಲ್ಲ ಅವರಲ್ಲಿದ್ದವು, ಒಂದನ್ನು ಬಿಟ್ಟು. ಅವರು ಅಲ್ಲಿನ ಕಾಯಂ ನಿವಾಸಿಯಾಗಿದ್ದರೂ ಪೌರತ್ವ ಇನ್ನೂ ಬಂದಿರಲಿಲ್ಲ. ಕೆನಡಾದ ಪ್ರಜೆಗಳಿಗಷ್ಟೇ ಸನದು ಎನ್ನುತ್ತಿತ್ತು ಆ ಪ್ರಾಂತ್ಯದ ಕಾಯ್ದೆ. ಆ್ಯಂಡ್ರೂಸ್ ಕೋರ್ಟಿಗೆ ಹೋದರು. 1989ರ ಫೆಬ್ರುವರಿಯಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ಷರತ್ತನ್ನು ಕಿತ್ತುಹಾಕಿತು. ಅಲ್ಲಿನ ಹಕ್ಕುಗಳ ಸನ್ನದಿನಲ್ಲಿ ಸಮಾನತೆಯ ಮಾತಾಡುವ 15ನೇ ಕಲಮಿನ ಮೇಲೆ ಆ ಕೋರ್ಟ್ ಕೊಟ್ಟ ಮೊದಲ ತೀರ್ಪು ಅದು. ಇವತ್ತು ಧಾರವಾಡದಲ್ಲೋ ಮೈಸೂರಿನಲ್ಲೋ ಎಲ್‌ಎಲ್‌ಬಿ ಮುಗಿಸಿ ಕೆನಡಾದ ಸನದಿಗಾಗಿ ಓದುತ್ತಿರುವವರು ಸಂವಿಧಾನದ ಪತ್ರಿಕೆಗೆ ತಯಾರಾಗುವಾಗ ಈ ಕೇಸನ್ನು ಬಿಡುವಂತಿಲ್ಲ. ಹೊರಗಿನವರಿಗೆ ಬಾಗಿಲು ತೆರೆಸಿದ ತೀರ್ಪನ್ನೇ ಓದಿಕೊಂಡು ಹೊರಗಿನವರು ಆ ಬಾಗಿಲು ತಟ್ಟುತ್ತಾರೆ.

ಅದಕ್ಕೂ ಹಿಂದೆ ಬಾಗಿಲು ಇನ್ನೂ ಬಿಗಿಯಾಗಿತ್ತು. ಬ್ರಿಟಿಷ್ ಕೊಲಂಬಿಯಾದಲ್ಲಿ ಮತದಾನದ ಹಕ್ಕಿಲ್ಲದವರನ್ನು ವಕೀಲಿ ತರಬೇತಿಗೇ ಸೇರಿಸಿಕೊಳ್ಳುತ್ತಿರಲಿಲ್ಲ. ಚೀನಾ ಮತ್ತು ಭಾರತ ಮೂಲದವರಿಗೆ ಅಲ್ಲಿ ಆ ಹಕ್ಕು ಸಿಕ್ಕಿದ್ದು 1947ರಲ್ಲಿ. ಅಲ್ಲಿಯವರೆಗೆ ವ್ಯಾಂಕೂವರಿನಲ್ಲೇ ಹುಟ್ಟಿ ಬೆಳೆದ ಪಂಜಾಬಿ ಹುಡುಗ ಎಷ್ಟು ಓದಿದರೂ ವಕೀಲನಾಗುವಂತಿರಲಿಲ್ಲ.

ಬಣ್ಣದ ತಡೆ ಹೋಯಿತು, ಪೌರತ್ವದ ತಡೆಯೂ ಹೋಯಿತು. 2020ರ ನಂತರ ದೂರದ ತಡೆಯೂ ಬಹುಪಾಲು ಕರಗಿದೆ. ಹುಬ್ಬಳ್ಳಿಯ ಮನೆಯಲ್ಲಿ ಕೂತು ಕೆನಡಾದ ಕಾನೂನು ಓದಬಹುದು, ಪರೀಕ್ಷೆಯನ್ನೂ ಅಲ್ಲಿಂದಲೇ ಬರೆಯಬಹುದು. ಉಳಿದಿರುವುದು ಕಾನೂನು ಅನ್ನುವ ವಿದ್ಯೆಗೇ ಅಂಟಿಕೊಂಡ ತಡೆ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಟೊರೊಂಟೊದಲ್ಲಿ ಇಳಿದ ವಾರವೇ ಅದೇ ಕೋಡ್ ಬರೆಯುತ್ತಾ ಕೂರಬಹುದು. ಸಿಟಿ ಸಿವಿಲ್ ಕೋರ್ಟಿನಲ್ಲಿ ಹತ್ತು ವರ್ಷ ವಾದ ಮಾಡಿದ ವಕೀಲೆ ಅದೇ ವಿಮಾನದಲ್ಲಿ ಇಳಿದರೆ ಆಕೆಯ ವೃತ್ತಿ ಇಮಿಗ್ರೇಷನ್ ಕೌಂಟರಿನಲ್ಲೇ ನಿಂತುಬಿಡುತ್ತದೆ. ಆಕೆಗೆ ಗೊತ್ತಿರುವ ಕಾಯ್ದೆಗಳ ಅಧಿಕಾರ ವ್ಯಾಪ್ತಿ ಅಲ್ಲಿಯವರೆಗೆ ಬಂದಿರುವುದಿಲ್ಲ.

ಎನ್‌ಸಿಎ ಅಂದರೆ ಏನು?

ಕೆನಡಾದಲ್ಲಿ ನಮ್ಮ ಬಾರ್ ಕೌನ್ಸಿಲ್ ಆಫ್ ಇಂಡಿಯಾದಂತೆ ದೇಶಕ್ಕೆಲ್ಲ ಒಂದೇ ಸಂಸ್ಥೆಯಿಲ್ಲ. ಹತ್ತು ಪ್ರಾಂತ್ಯ, ಮೂರು ಟೆರಿಟರಿಗಳಲ್ಲಿ ಒಟ್ಟು 14 ಲಾ ಸೊಸೈಟಿಗಳಿವೆ. ಕ್ವಿಬೆಕ್‌ನಲ್ಲಿ ವಕೀಲರಿಗೊಂದು, ನೋಟರಿಗಳಿಗೊಂದು ಎಂದು ಎರಡಿವೆ. ಸನದು ಕೊಡುವುದು, ಶಿಸ್ತು ನೋಡುವುದು, ತಪ್ಪಿದರೆ ಸನದು ಕಿತ್ತುಕೊಳ್ಳುವುದು ಎಲ್ಲವೂ ಆಯಾ ಸೊಸೈಟಿಯ ಕೆಲಸ. ಈ ಸೊಸೈಟಿಗಳು ಸೇರಿ ಮಾಡಿಕೊಂಡ ಒಕ್ಕೂಟದ ಅಡಿಯಲ್ಲಿ ನ್ಯಾಷನಲ್ ಕಮಿಟಿ ಆನ್ ಅಕ್ರೆಡಿಟೇಷನ್ ಎಂಬ ಸಮಿತಿಯಿದೆ. ಅದೇ ಎನ್‌ಸಿಎ. ಕೆನಡಾದ ಹೊರಗೆ ಪಡೆದ ಕಾನೂನು ಪದವಿಯನ್ನು ತೂಗಿ ನೋಡಿ, ಅಲ್ಲಿನ ಪದವಿಗೆ ಸಮ ಅನ್ನಿಸಿಕೊಳ್ಳಲು ಇನ್ನೇನೇನು ಓದಬೇಕೆಂದು ಪಟ್ಟಿ ಕೊಡುವುದು ಇದರ ಕೆಲಸ. ಪಟ್ಟಿಯಲ್ಲಿರುವುದನ್ನೆಲ್ಲ ಮುಗಿಸಿದರೆ ಅರ್ಹತಾ ಪ್ರಮಾಣಪತ್ರ ಸಿಗುತ್ತದೆ. ಸಿವಿಲ್ ಲಾ ಪದ್ಧತಿಯ ಕ್ವಿಬೆಕ್ ಮಾತ್ರ ತನ್ನದೇ ದಾರಿ ಇಟ್ಟುಕೊಂಡಿದೆ.

ಪಟ್ಟಿಯ ತಳಪಾಯ ಐದು ವಿಷಯಗಳು: ಕೆನಡಾದ ಸಂವಿಧಾನ, ಆಡಳಿತ ಕಾನೂನು, ಅಪರಾಧ ಕಾನೂನು, ಕೆನಡಾ ಕಾನೂನಿನ ಬುನಾದಿ ಮತ್ತು ವೃತ್ತಿ ಹೊಣೆಗಾರಿಕೆ. ಹೊರಗೆ ಓದಿ ಬಂದವರಿಗೆ ಇವು ತಪ್ಪಿದ್ದಲ್ಲ. ಜೊತೆಗೆ ಕರಾರು, ಅಪಕೃತ್ಯ, ಆಸ್ತಿ, ಕಂಪನಿ ಕಾನೂನಿನಂಥ ವಿಷಯಗಳಲ್ಲಿ ಕೆಲವನ್ನು ಸೇರಿಸಬಹುದು. ಅದು ಅಭ್ಯರ್ಥಿ ಏನು ಓದಿದ್ದಾರೆ, ಎಲ್ಲಿ ಓದಿದ್ದಾರೆ, ಅಂಕ ಎಷ್ಟು, ವಕೀಲಿ ಅನುಭವ ಎಷ್ಟು ಎಂಬುದರ ಮೇಲಿದೆ. 2022ರಿಂದ ಕಾನೂನು ಸಂಶೋಧನೆ ಮತ್ತು ಬರವಣಿಗೆ ಎಂಬ ಅಂಶವೂ ಸೇರಿದೆ. ಉಳಿದ ವಿಷಯಗಳನ್ನು ಮುಗಿಸಲು ಎರಡು ದಾರಿಗಳಿವೆ. ಕೆನಡಾದ ಕಾನೂನು ಕಾಲೇಜಿನಲ್ಲಿ ಆ ವಿಷಯಗಳನ್ನು ಓದಿ ಪಾಸಾಗುವುದು ಒಂದು. ಸ್ವಂತ ಓದಿನಿಂದ ಎನ್‌ಸಿಎಯ ಪರೀಕ್ಷೆ ಬರೆಯುವುದು ಇನ್ನೊಂದು. ಈ ಪರೀಕ್ಷೆಗಳಿಗೆ ಬಳಕೆಯಲ್ಲಿರುವ ಹೆಸರು ಚಾಲೆಂಜ್ ಎಕ್ಸಾಮ್. ಬ್ರಾಂಪ್ಟನ್, ಮಿಸಿಸಾಗಾದ ಭಾರತೀಯರ ನಡುವೆ “ಎನ್‌ಸಿಎ ಮಾಡ್ತಿದ್ದೀನಿ” ಎಂದರೆ ಸಾಮಾನ್ಯವಾಗಿ ಈ ಎರಡನೆಯ ದಾರಿ. ಹಗಲು ಗೋದಾಮಿನಲ್ಲೋ ಕಾಲ್ ಸೆಂಟರಿನಲ್ಲೋ ಕೆಲಸ, ರಾತ್ರಿ ಲ್ಯಾಪ್‌ಟಾಪ್ ಮುಂದೆ ಸಂವಿಧಾನ.

ಮೊದಲ ಪರೀಕ್ಷೆ ಕಾಗದದ್ದು

ಓದು ಶುರುವಾಗುವ ಮುಂಚೆ ದಾಖಲೆಗಳ ಓಡಾಟ ಬರುತ್ತದೆ. ಅಂಕಪಟ್ಟಿಯ ಅಧಿಕೃತ ಪ್ರತಿ ವಿಶ್ವವಿದ್ಯಾಲಯದಿಂದ ನೇರವಾಗಿ ಎನ್‌ಸಿಎಗೆ ತಲುಪಬೇಕು. ಅಭ್ಯರ್ಥಿ ತಾನೇ ಸ್ಕ್ಯಾನ್ ಮಾಡಿ ಕಳಿಸಿದರೆ ಸಾಲದು. ಕರ್ನಾಟಕದವರಿಗೆ ಇಲ್ಲೊಂದು ಸಿಕ್ಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಅದಕ್ಕೂ ಮೊದಲು ಪದವಿ ಪಡೆದವರು ಬೆಂಗಳೂರು, ಮೈಸೂರು, ಧಾರವಾಡ ಹೀಗೆ ಆಗ ತಮ್ಮ ಕಾಲೇಜು ಸೇರಿದ್ದ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೇ ಎಡತಾಕಬೇಕು. ಸನದು ಪಡೆದವರು ರಾಜ್ಯ ವಕೀಲರ ಪರಿಷತ್ತಿನಿಂದ ತಮ್ಮ ಮೇಲೆ ಶಿಸ್ತುಕ್ರಮ ಇಲ್ಲವೆಂಬ ಪತ್ರ ತರಿಸಬೇಕು. ಟೊರೊಂಟೊದಲ್ಲಿ ಕೂತು ಇದನ್ನೆಲ್ಲ ಮಾಡಿಸಲು ಊರಲ್ಲಿ ಒಬ್ಬ ತಮ್ಮನೋ ಹಳೆಯ ಜೂನಿಯರೋ ಇರಲೇಬೇಕು. ವಿಮಾನ ಹತ್ತುವ ಮುಂಚೆ ತಾವೇ ನಿಂತು ಮಾಡಿಸಿಕೊಂಡವರಿಗೆ ತಿಂಗಳುಗಳೇ ಉಳಿಯುತ್ತವೆ.

ಭಾಷೆಯ ಪ್ರಶ್ನೆಯೂ ಇದೆ. ಕಾನೂನು ಪದವಿ ಇಂಗ್ಲಿಷ್ ಅಥವಾ ಫ್ರೆಂಚ್ ಮಾಧ್ಯಮದ್ದಲ್ಲದಿದ್ದರೆ ಭಾಷಾ ಸಾಮರ್ಥ್ಯವನ್ನು ಬೇರೆಯಾಗಿ ತೋರಿಸಬೇಕು. ಕನ್ನಡದಲ್ಲಿ ಉತ್ತರ ಬರೆದು ಪಾಸಾದವರು ಐಇಎಲ್‌ಟಿಎಸ್‌ನಂಥ ಪರೀಕ್ಷೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಇನ್ನೊಂದು ವಿಚಿತ್ರ ನೋಡಿ. ಪರೀಕ್ಷೆಯನ್ನೇ ಆನ್‌ಲೈನ್ ಮಾಡಿರುವ ಎನ್‌ಸಿಎ ಮೂಲ ಪದವಿಯ ವಿಷಯದಲ್ಲಿ ಹಳೆಯ ಕಾಲದ ಮೇಷ್ಟರಂತೆ ಬಿಗಿ. ಪದವಿಯ ದೊಡ್ಡ ಭಾಗವನ್ನು ತರಗತಿಯಲ್ಲೇ ಕೂತು ಓದಿರಬೇಕು. ಅಂಚೆಯಲ್ಲೋ ಆನ್‌ಲೈನಿನಲ್ಲೋ ಪಡೆದ ಎಲ್‌ಎಲ್‌ಬಿ ಹಿಡಿದು ಹೋದವರ ಪಟ್ಟಿ ಉದ್ದವಾಗುತ್ತದೆ.

ಗೊತ್ತಿರುವುದೇ ಅಡ್ಡಬರುವ ಓದು

ಭಾರತದ ವಕೀಲರಿಗೆ ಕೆನಡಾದ ಕಾನೂನು ಪೂರ್ತಿ ಹೊಸದಲ್ಲ. ಎರಡೂ ದೇಶಗಳ ಮೇಲ್ಮನವಿಗಳು ಬಹುಕಾಲ ಲಂಡನ್ನಿನ ಒಂದೇ ಪ್ರಿವಿ ಕೌನ್ಸಿಲ್ ಮುಂದೆ ಹೋಗುತ್ತಿದ್ದವು. ಆ ನಂಟನ್ನು ಎರಡೂ ದೇಶಗಳು ಕಡಿದುಕೊಂಡದ್ದು ಒಂದೇ ವರ್ಷ, 1949ರಲ್ಲಿ. ಕೇಂದ್ರ–ರಾಜ್ಯಗಳ ಅಧಿಕಾರ ಹಂಚಿಕೆಯ ಜಗಳದಲ್ಲಿ ನಮ್ಮ ಕಾನೂನು ಕಾಲೇಜುಗಳು ಕಲಿಸುವ ‘ಪಿತ್ ಅಂಡ್ ಸಬ್‌ಸ್ಟೆನ್ಸ್’ (ಕಾಯ್ದೆಯ ನಿಜವಾದ ತಿರುಳು ನೋಡುವ) ಸೂತ್ರ ಕೆನಡಾದ ಕೇಸುಗಳಲ್ಲಿ ಬೆಳೆದು ಇತ್ತ ಬಂದದ್ದು. ಬ್ರಿಟಿಷ್ ಕೊಲಂಬಿಯಾದ ಕಲ್ಲಿದ್ದಲು ಗಣಿಯೊಳಗೆ ಚೀನೀಯರು ದುಡಿಯಕೂಡದೆಂಬ ಕಾಯ್ದೆಯನ್ನು ಪ್ರಿವಿ ಕೌನ್ಸಿಲ್ 1899ರಲ್ಲಿ ಹೊಡೆದುಹಾಕಿದ್ದು ಇದೇ ಅಳತೆಗೋಲಿನಿಂದ. ಬಂಗಾಳದ ಲೇವಾದೇವಿ ಕಾಯ್ದೆಯನ್ನು 1947ರಲ್ಲಿ ಉಳಿಸಿದ್ದೂ ಇದೇ. ಉಳಿಕೆ ಅಧಿಕಾರ ಕೇಂದ್ರಕ್ಕಿರಲಿ ಎಂಬ ನಮ್ಮ ಸಂವಿಧಾನದ ಏರ್ಪಾಟಿಗೂ ಕೆನಡಾವೇ ಮಾದರಿ.

ಕಷ್ಟ ಹುಟ್ಟುವುದು ಈ ಹೋಲಿಕೆಯಿಂದಲೇ. ಪೂರ್ತಿ ಬೇರೆಯಾಗಿದ್ದರೆ ಹೊಸದಾಗಿ ಕಲಿಯುತ್ತಿದ್ದೆವು. ಅರ್ಧ ಒಂದೇ ತರಹ ಇರುವುದರಿಂದ ಕೈ ತಾನಾಗಿ ಹಳೆಯ ಉತ್ತರ ಬರೆಯುತ್ತದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ 1973ರ ಪ್ರಕರಣ ನಮ್ಮ ವಕೀಲರ ನೆತ್ತರಲ್ಲೇ ಇದೆ. ಸಂವಿಧಾನದ ಮೂಲ ಸ್ವರೂಪಕ್ಕೆ ಶಾಸನಸಭೆ ಕೈಹಾಕುವಂತಿಲ್ಲ ಎಂಬ ನಂಬಿಕೆಯಲ್ಲಿ ಬೆಳೆದವರಿಗೆ ಕೆನಡಾದ ಹಕ್ಕುಗಳ ಸನ್ನದಿನ 33ನೇ ಕಲಮು ಮೊದಲ ಓದಿಗೆ ನಂಬಲಾಗದ ಸಂಗತಿ. ವಾಕ್ ಸ್ವಾತಂತ್ರ್ಯ, ಸಮಾನತೆ ಸೇರಿದಂತೆ ಕೆಲವು ಹಕ್ಕುಗಳು ಏನೇ ಹೇಳಲಿ, ಈ ಕಾಯ್ದೆ ನಡೆಯುತ್ತದೆ ಎಂದು ಪ್ರಾಂತ್ಯದ ಶಾಸನಸಭೆ ಐದು ವರ್ಷಗಳ ಅವಧಿಗೆ ಘೋಷಿಸಬಹುದು. ಅವಧಿ ಮುಗಿದರೆ ಮತ್ತೆ ಘೋಷಿಸಬಹುದು. ಧಾರ್ಮಿಕ ಚಿಹ್ನೆಗಳ ಕುರಿತ ತನ್ನ 2019ರ ಕಾಯ್ದೆಗೆ ಕ್ವಿಬೆಕ್ ಇದೇ ಗುರಾಣಿ ಹಿಡಿಯಿತು. ಇಲ್ಲಿ ಕೇಶವಾನಂದವನ್ನು ಉಲ್ಲೇಖಿಸಿ ಪುಟ ತುಂಬಿಸಿದರೆ ಅಂಕ ಬರುವುದಿಲ್ಲ.

ವಿಚಾರಣೆ ತಡವಾಗುವ ವಿಷಯದಲ್ಲಿ ವ್ಯತ್ಯಾಸ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಕ್ರಿಮಿನಲ್ ವಿಚಾರಣೆ ಇಂತಿಷ್ಟು ಕಾಲದಲ್ಲಿ ಮುಗಿಯಲೇಬೇಕೆಂದು ನ್ಯಾಯಾಲಯ ಗಡುವು ಹಾಕುವಂತಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿತು. ಅದು ಕರ್ನಾಟಕದಿಂದಲೇ ಹೋದ ಪಿ. ರಾಮಚಂದ್ರರಾವ್ ಪ್ರಕರಣ. ಕೆನಡಾದ ಸುಪ್ರೀಂ ಕೋರ್ಟ್ 2016ರ ಜೋರ್ಡನ್ ಪ್ರಕರಣದಲ್ಲಿ ಅದಕ್ಕೆ ತದ್ವಿರುದ್ಧವಾಗಿ ನಡೆಯಿತು. ಪ್ರಾಂತೀಯ ಕೋರ್ಟಿನಲ್ಲಿ 18 ತಿಂಗಳು, ಮೇಲಿನ ಕೋರ್ಟಿನಲ್ಲಿ 30 ತಿಂಗಳು. ಆರೋಪಿಯ ಕಡೆಯಿಂದಾದ ತಡವನ್ನು ಕಳೆದ ಮೇಲೂ ಗಡುವು ಮೀರಿದರೆ, ಅಸಾಧಾರಣ ಕಾರಣವಿದೆ ಎಂದು ಸರ್ಕಾರಿ ವಕೀಲರು ತೋರಿಸಬೇಕು. ತೋರಿಸದಿದ್ದರೆ ಮೊಕದ್ದಮೆ ಅಲ್ಲಿಗೇ ನಿಲ್ಲುತ್ತದೆ. ದಿನಾಂಕದ ಮೇಲೆ ದಿನಾಂಕ ಪಡೆದು ಬಂದ ವಕೀಲರಿಗೆ ಈ ಪಾಠ ಬರೀ ಕಾನೂನಿನದಲ್ಲ, ಸ್ವಭಾವದ್ದೂ ಹೌದು.

ವೃತ್ತಿ ಹೊಣೆಗಾರಿಕೆಯ ಪತ್ರಿಕೆಯಲ್ಲಂತೂ ಹಳೆಯ ಅಭ್ಯಾಸ ಹೆಜ್ಜೆಹೆಜ್ಜೆಗೂ ಎಡವುತ್ತದೆ. ಗೆದ್ದರೆ ಇಷ್ಟು ಪಾಲು ಎಂದು ಶುಲ್ಕ ಮಾತಾಡಿಕೊಳ್ಳುವುದು ಭಾರತದಲ್ಲಿ ನಿಷಿದ್ಧ. ಅಲ್ಲಿ ನಿಯಮಗಳಿಗೆ ಒಳಪಟ್ಟು ಅದು ಮಾಮೂಲು. ಇಲ್ಲಿ ವಕೀಲ ಜಾಹೀರಾತು ಕೊಡುವಂತಿಲ್ಲ, ಅಲ್ಲಿ ಬಸ್ಸಿನ ಬೆನ್ನ ಮೇಲೆ ವಕೀಲರ ಮುಖವಿರುತ್ತದೆ. ಆದರೆ ಕಕ್ಷಿದಾರರ ಹಣ ಇಡುವ ಟ್ರಸ್ಟ್ ಖಾತೆಯ ಲೆಕ್ಕದಲ್ಲಿ, ಇಬ್ಬರು ಕಕ್ಷಿದಾರರ ಹಿತ ಒಂದಕ್ಕೊಂದು ತಾಗುವ ಪ್ರಸಂಗಗಳಲ್ಲಿ ಅಲ್ಲಿನ ಬಿಗಿ ನಮ್ಮ ತಾಲ್ಲೂಕು ಕೋರ್ಟುಗಳು ಕಂಡರಿಯದ್ದು.

ಒಂದು ಪ್ರಶ್ನೆ, ಎರಡು ಉತ್ತರ

ಚಾಲೆಂಜ್ ಪರೀಕ್ಷೆ ಮೂರು ಗಂಟೆಯದು, ಪುಸ್ತಕ ತೆರೆದಿಟ್ಟು ಬರೆಯುವಂಥದ್ದು, ಪಾಸಾಗಲು ನೂರಕ್ಕೆ ಐವತ್ತು ಸಾಕು. ಇಷ್ಟು ಕೇಳಿದವರು ಸುಲಭವೆಂದೇ ಭಾವಿಸುತ್ತಾರೆ. ಪ್ರಶ್ನೆಯ ಸ್ವರೂಪ ನೋಡಿದರೆ ಆ ಭಾವನೆ ಇಳಿಯುತ್ತದೆ. ಆಡಳಿತ ಕಾನೂನಿನ ಪತ್ರಿಕೆಯ ಧಾಟಿಯಲ್ಲಿ ಒಂದು ಪ್ರಶ್ನೆ ಕಲ್ಪಿಸಿಕೊಳ್ಳೋಣ. ಒಂಟಾರಿಯೊದ ಒಂದು ಊರು. ರಸ್ತೆ ಬದಿ ತಿಂಡಿ ಗಾಡಿ ಇಟ್ಟಿರುವ ಮಹಿಳೆ. ನೆರೆಯವರ ದೂರಿನ ಮೇಲೆ ನಗರಸಭೆಯ ಅಧಿಕಾರಿ ಆಕೆಯ ಪರವಾನಗಿ ರದ್ದು ಮಾಡುತ್ತಾನೆ. ದೂರಿನ ಪ್ರತಿ ಕೊಡಲಿಲ್ಲ, ಮಾತು ಕೇಳಲಿಲ್ಲ, ಆದೇಶ ಎರಡು ಸಾಲಿನದು. ಹಿಂದಿನ ವರ್ಷ ಇನ್ನೊಬ್ಬರಿಗೆ ಎಚ್ಚರಿಕೆ ಕೊಟ್ಟು ಬಿಟ್ಟಿದ್ದರು. ಆಕೆಗೆ ಸಲಹೆ ನೀಡಿ.

ಭಾರತದಲ್ಲಿ ಓದಿದವರ ಮೊದಲ ಉತ್ತರ ಹೀಗಿರುತ್ತದೆ. ಸಹಜ ನ್ಯಾಯದ ತತ್ವ, ಅದರ ಇತಿಹಾಸ, ಲ್ಯಾಟಿನ್ ಸೂತ್ರ, 1978ರ ಮೇನಕಾ ಗಾಂಧಿ ಪ್ರಕರಣ, 14 ಮತ್ತು 21ನೇ ವಿಧಿ, ಕೊನೆಗೆ ‘ಆದ್ದರಿಂದ ಆದೇಶ ಅಸಿಂಧು’. ಓದಲು ಚೆನ್ನಾಗಿರುತ್ತದೆ, ಅಂಕ ಬರುವುದಿಲ್ಲ.

ಅಲ್ಲಿನ ಪರೀಕ್ಷಕರಿಗೆ ಬೇಕಾದ ಉತ್ತರ ಎರಡು ಕವಲು ಒಡೆಯಬೇಕು. ಮೊದಲನೆಯದು ವಿಧಾನದ ನ್ಯಾಯ. ಇದಕ್ಕೆ ಅಳತೆಗೋಲು 1999ರ ಬೇಕರ್ ತೀರ್ಪು. ಜಮೈಕಾದಿಂದ ಬಂದು ಮನೆಗೆಲಸ ಮಾಡುತ್ತಾ ಉಳಿದುಬಿಟ್ಟಿದ್ದ, ಕೆನಡಾದಲ್ಲೇ ಹುಟ್ಟಿದ ಮಕ್ಕಳ ತಾಯಿ ಮೇವಿಸ್ ಬೇಕರ್ ಗಡೀಪಾರಿನ ವಿರುದ್ಧ ಹೋರಾಡಿದ ಕೇಸು ಅದು. ಯಾರಿಗೆ ಎಷ್ಟು ಮಟ್ಟದ ವಿಚಾರಣೆ ಸಲ್ಲಬೇಕೆಂದು ಅಳೆಯಲು ಕೋರ್ಟ್ ಐದು ಅಂಶ ಕೊಟ್ಟಿತು: ನಿರ್ಧಾರದ ಸ್ವರೂಪ, ಕಾಯ್ದೆಯ ಏರ್ಪಾಟು, ಬಾಧಿತರಿಗೆ ಅದರ ಮಹತ್ವ, ಅವರಲ್ಲಿ ಹುಟ್ಟಿಸಿದ ನ್ಯಾಯವಾದ ನಿರೀಕ್ಷೆ, ಸಂಸ್ಥೆ ತಾನೇ ಆರಿಸಿಕೊಂಡ ವಿಧಾನ. ಗಾಡಿಯ ಮಹಿಳೆಯ ಸಂಗತಿಗಳನ್ನು ಈ ಐದರಲ್ಲಿ ಒಂದೊಂದಕ್ಕೂ ಹೊಂದಿಸಿ ಬರೆಯಬೇಕು. ಗಾಡಿಯೇ ಆಕೆಯ ಹೊಟ್ಟೆಪಾಡು ಎಂಬುದು ಮೂರನೆಯದಕ್ಕೆ, ಹಿಂದಿನ ವರ್ಷದ ಎಚ್ಚರಿಕೆ ನಾಲ್ಕನೆಯದಕ್ಕೆ. ಅದು ಅಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬ ವಾದ–ಪ್ರತಿವಾದ ಎರಡೂ ಬರಬೇಕು.

ಎರಡನೆಯ ಕವಲು ನಿರ್ಧಾರದ ಹುರುಳು. ಅದಕ್ಕೆ 2019ರ ವಾವಿಲೋವ್ ತೀರ್ಪು. ಸುಳ್ಳು ಹೆಸರಿನಲ್ಲಿ ಬದುಕುತ್ತಿದ್ದ ರಷ್ಯನ್ ಗೂಢಚಾರ ದಂಪತಿಗೆ ಟೊರೊಂಟೊದಲ್ಲಿ ಹುಟ್ಟಿದ ಮಗ ಅಲೆಕ್ಸಾಂಡರ್ ವಾವಿಲೋವ್. ತಂದೆತಾಯಿ 2010ರಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದ ಮೇಲೆ ಕೆನಡಾ ಅವನ ಪೌರತ್ವದ ಪ್ರಮಾಣಪತ್ರ ರದ್ದು ಮಾಡಿತು. ಅಧಿಕಾರಿಯ ನಿರ್ಧಾರ ಸಮಂಜಸವಲ್ಲ ಎಂದು ಸುಪ್ರೀಂ ಕೋರ್ಟ್ ಪೌರತ್ವ ಉಳಿಸಿತು. ಸಿನಿಮಾ ಕಥೆಯಂಥ ಈ ಕೇಸಿನಲ್ಲೇ ಸರ್ಕಾರಿ ನಿರ್ಧಾರಗಳನ್ನು ಕೋರ್ಟ್ ಹೇಗೆ ಪರಿಶೀಲಿಸಬೇಕೆಂಬ ಇಡೀ ಚೌಕಟ್ಟು ಹೊಸದಾಯಿತು. ಅಧಿಕಾರಿಯ ಎರಡು ಸಾಲಿನ ಆದೇಶದಲ್ಲಿ ತರ್ಕದ ಸರಪಳಿ ಕಾಣುತ್ತದೆಯೇ ಎಂದು ಈ ಚೌಕಟ್ಟಿನಲ್ಲಿ ಕೇಳಬೇಕು. 2019ಕ್ಕೆ ಮುಂಚಿನ ನೋಟ್ಸ್ ಹಿಡಿದು ಓದಿದವರು ಇಲ್ಲೇ ಮುಗ್ಗರಿಸುತ್ತಾರೆ.

ಮೂರು ಗಂಟೆಯಲ್ಲಿ ಇಂಥ ಹಲವು ಪ್ರಶ್ನೆಗಳಿರುವಾಗ ಪುಸ್ತಕ ತೆರೆದು ಹುಡುಕಲು ಹೊತ್ತಿರುವುದಿಲ್ಲ. ಪುಸ್ತಕ ಪಕ್ಕದಲ್ಲಿದ್ದರೂ ವಿಷಯ ತಲೆಯಲ್ಲೇ ಇರಬೇಕು. ನಮ್ಮ ಕಾನೂನು ಪರೀಕ್ಷೆಗಳಲ್ಲಿ ಹತ್ತು ಅಂಕದ ಪ್ರಶ್ನೆಗೆ ಇಷ್ಟು ಪುಟ ಎಂದು ಲೆಕ್ಕವಿಟ್ಟು ಬರೆದು ಪಳಗಿದ ಕೈಗೆ ಎಲ್ಲಕ್ಕಿಂತ ಕಷ್ಟದ ಕಲಿಕೆ ಇದೇ.

ಪರದೆ ಕೊಟ್ಟದ್ದು

ಈ ಓದಿಗೆ ಬೇಕಾದ ಮೂಲ ಸಾಮಗ್ರಿಯ ದೊಡ್ಡ ಪಾಲು ಬಿಟ್ಟಿಯಾಗಿ ಸಿಗುತ್ತದೆ. ಪ್ರತಿ ವಿಷಯದ ಸಿಲಬಸ್ಸನ್ನು, ಓದಬೇಕಾದ ತೀರ್ಪುಗಳ ಪಟ್ಟಿಯೊಂದಿಗೆ, ಎನ್‌ಸಿಎ ತನ್ನ ಜಾಲತಾಣದಲ್ಲಿ ಹಾಕುತ್ತದೆ. ತೀರ್ಪುಗಳು ಕ್ಯಾನ್‌ಲಿಯಲ್ಲಿವೆ. ಲಾ ಸೊಸೈಟಿಗಳ ಒಕ್ಕೂಟ 2001ರಲ್ಲಿ ಶುರುಮಾಡಿದ, ವಕೀಲರ ವಂತಿಗೆಯಿಂದ ನಡೆಯುವ ಉಚಿತ ಭಂಡಾರ ಅದು. ಇಂಡಿಯನ್ ಕಾನೂನ್ ತಾಣದಲ್ಲಿ ಹುಡುಕಿ ಪಳಗಿದವರಿಗೆ ಒಂದು ಸಂಜೆಯಲ್ಲಿ ಕೈವಶವಾಗುತ್ತದೆ. ಕೈ ಹಿಡಿದು ನಡೆಸುವವರು ಬೇಕೆನ್ನುವವರಿಗೆ ಖಾಸಗಿ ಆನ್‌ಲೈನ್ ತರಗತಿಗಳಿವೆ. ಯಾರ್ಕ್ ವಿಶ್ವವಿದ್ಯಾಲಯದ ಆಸ್‌ಗುಡ್ ಹಾಲ್, ಟೊರೊಂಟೊ ವಿಶ್ವವಿದ್ಯಾಲಯದಂಥವು ಎನ್‌ಸಿಎ ವಿಷಯಗಳನ್ನೇ ಮುಂದಿಟ್ಟುಕೊಂಡ ಎಲ್‌ಎಲ್‌ಎಂ ಕೊಡುತ್ತವೆ. ಸ್ವಂತ ಓದಿಗೆ ಹೋಲಿಸಿದರೆ ಇವುಗಳ ಶುಲ್ಕ ಬಹಳ ದುಬಾರಿ. ಪ್ರಾಧ್ಯಾಪಕರ ಪರಿಚಯ, ಸಹಪಾಠಿಗಳು, ಕೆನಡಾದ ಪದವಿ ಇವು ಆ ದುಡ್ಡಿಗೆ ಸಿಗುವ ಲಾಭ.

ಪರೀಕ್ಷೆ ಮನೆಯಿಂದಲೇ, ಮೇಲ್ವಿಚಾರಕರ ಕಣ್ಣು ಕ್ಯಾಮೆರಾದಲ್ಲಿ. ಕೋಣೆಯ ನಾಲ್ಕು ಮೂಲೆಯನ್ನೂ ತೋರಿಸಬೇಕು, ಯಾರೂ ಒಳಗೆ ಬರಕೂಡದು. ಟೊರೊಂಟೊ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಅಲ್ಲಿನ ಹಗಲಿನ ಪರೀಕ್ಷೆ ಇಲ್ಲಿ ರಾತ್ರಿ ಊಟದ ಹೊತ್ತಿಗೆ ಬರುತ್ತದೆ. ಕರೆಂಟು ಹೋಗದ ಕೋಣೆ, ಯುಪಿಎಸ್, ಎರಡನೆಯ ಇಂಟರ್ನೆಟ್ ಸಂಪರ್ಕ ಇವೂ ತಯಾರಿಯ ಭಾಗವೇ.

ಈ ಅನುಕೂಲದಿಂದ ಹೆಚ್ಚು ಲಾಭವಾದದ್ದು ಹೆಂಗಸರಿಗೆ ಎನ್ನಬೇಕು. ಗಂಡನ ಕೆಲಸದ ವೀಸಾ ಹಿಂದೆ ಹೋದ, ಸಣ್ಣ ಮಕ್ಕಳಿರುವ ವಕೀಲೆಗೆ ಪೂರ್ಣಾವಧಿ ಕಾಲೇಜು ಕೈಗೆಟುಕುವಂಥದ್ದಲ್ಲ. ಒಂದೊಂದೇ ವಿಷಯವನ್ನು, ತನಗೆ ಬಿಡುವಾದ ಅವಧಿಯಲ್ಲಿ, ಮಗು ಮಲಗಿದ ಮೇಲೆ ಓದಿ ಬರೆಯುವ ಏರ್ಪಾಟು ಆಕೆಯನ್ನು ವೃತ್ತಿಯಲ್ಲಿ ಉಳಿಸುತ್ತದೆ.

ಪರದೆಗೆ ತನ್ನದೇ ಅಪಾಯಗಳೂ ಇವೆ. ಒಂಟಾರಿಯೊದ ಲಾ ಸೊಸೈಟಿ ಕೋವಿಡ್ ಕಾಲದಲ್ಲಿ ತನ್ನ ಸನದು ಪರೀಕ್ಷೆಯನ್ನು ಆನ್‌ಲೈನ್ ಮಾಡಿತ್ತು. 2021ರ ನವೆಂಬರಿನ ಪರೀಕ್ಷೆಯಲ್ಲಿ ಪ್ರಶ್ನೆಗಳು ಮೊದಲೇ ಕೆಲವರ ಕೈಸೇರಿದ್ದವೆಂಬ ಶಂಕೆ ಎದ್ದು, 2022ರ ಮಾರ್ಚಿನ ಪರೀಕ್ಷೆ ಮುಂದೆ ಹೋಯಿತು. ತನಿಖೆ ನಡೆದು ಹಲವರ ಫಲಿತಾಂಶ ರದ್ದಾಯಿತು, ಪರೀಕ್ಷೆ ಮತ್ತೆ ಹಾಲಿಗೆ ಮರಳಿತು. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ನೋಟ್ಸ್ ಹಂಚಿಕೊಳ್ಳುವುದಕ್ಕೂ ಪ್ರಶ್ನೆ ಕೊಳ್ಳುವುದಕ್ಕೂ ನಡುವಿನ ಗೆರೆ ದಾಟಿದವರು ಸನದು ಬರುವ ಮೊದಲೇ ನಡತೆಯ ವಿಚಾರಣೆ ಎದುರಿಸಬೇಕಾಗುತ್ತದೆ. ಚಾಟ್‌ಜಿಪಿಟಿ ನಂಬಿದವರಿಗೂ ಒಂದು ನೆನಪು: 2024ರಲ್ಲಿ ಬ್ರಿಟಿಷ್ ಕೊಲಂಬಿಯಾದ ವಕೀಲರೊಬ್ಬರು ಅದು ಹೆಣೆದುಕೊಟ್ಟ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ ಕೈಯಿಂದ ಖರ್ಚು ಕಟ್ಟಬೇಕಾಯಿತು.

ಪರದೆ ಕೊಡದ್ದು

ಎನ್‌ಸಿಎ ಪ್ರಮಾಣಪತ್ರ ಬಂದ ಮೇಲೆ ಅಭ್ಯರ್ಥಿ ಕೆನಡಾದಲ್ಲಿ ಕಾನೂನು ಪದವಿ ಮುಗಿಸಿದ ಹುಡುಗನ ಸಾಲಿಗೆ ಬಂದು ನಿಲ್ಲುತ್ತಾರೆ, ಅಷ್ಟೇ. ಒಂಟಾರಿಯೊದಲ್ಲಾದರೆ ಮುಂದೆ ಬ್ಯಾರಿಸ್ಟರ್, ಸಾಲಿಸಿಟರ್ ಎಂಬ ಎರಡು ಪರೀಕ್ಷೆಗಳಿವೆ. ಬಹು ಆಯ್ಕೆಯ ಪ್ರಶ್ನೆಗಳು, ಇಲ್ಲೂ ಪುಸ್ತಕ ತೆರೆದಿಡಬಹುದು. ಲಾ ಸೊಸೈಟಿ ಕೊಡುವ ಸಾಮಗ್ರಿ ನೂರಾರು ಪುಟಗಳದು. ಅದನ್ನು ಮುದ್ರಿಸಿ, ಬಣ್ಣದ ಚೀಟಿ ಅಂಟಿಸಿ, ಯಾವ ಪದ ಯಾವ ಪುಟದಲ್ಲಿದೆ ಎಂಬ ‘ಇಂಡೆಕ್ಸ್’ ಕಟ್ಟಿಕೊಳ್ಳುವುದೇ ಅಲ್ಲೊಂದು ಕಲೆ. ಅಭ್ಯರ್ಥಿಗಳು ಗುಂಪು ಕಟ್ಟಿಕೊಂಡು ಅಧ್ಯಾಯ ಹಂಚಿಕೊಂಡು ಇಂಡೆಕ್ಸ್ ಮಾಡುತ್ತಾರೆ.

ಪರೀಕ್ಷೆಗಳ ಜೊತೆಗೆ ಆಗಬೇಕಾದದ್ದು ಆರ್ಟಿಕ್ಲಿಂಗ್: ಸನದಿರುವ ವಕೀಲರ ಕೈಕೆಳಗೆ ಕೆಲಸ ಕಲಿಯುವ ಅವಧಿ, ಒಂಟಾರಿಯೊದಲ್ಲಿ ಸುಮಾರು ಎಂಟು ತಿಂಗಳು. ಇದನ್ನು ಕ್ಯಾಮೆರಾ ಮುಂದೆ ಕೂತು ಮುಗಿಸಲಾಗದು. ಸೀನಿಯರ್ ಬೇಕು, ಅವರು ಸೇರಿಸಿಕೊಳ್ಳಬೇಕು. ದೊಡ್ಡ ಸಂಸ್ಥೆಗಳು ಅಲ್ಲಿನ ಕಾಲೇಜುಗಳಿಂದಲೇ ಹುಡುಗರನ್ನು ಆರಿಸಿಕೊಳ್ಳುತ್ತವೆ. ಎನ್‌ಸಿಎ ಓದಿ ಬಂದವರಿಗೆ ತೆರೆಯುವುದು ಹೆಚ್ಚಾಗಿ ವಲಸೆ, ಕುಟುಂಬ, ಮನೆ ವ್ಯವಹಾರ ನೋಡುವ ಸಣ್ಣ ಕಚೇರಿಗಳು. ಸಂದರ್ಶನದಲ್ಲಿ ಕೇಳುವ 'ಕೆನಡಿಯನ್ ಎಕ್ಸ್‌ಪೀರಿಯನ್ಸ್' ಎಲ್ಲ ವಲಸಿಗರಿಗೂ ಗೊತ್ತಿರುವ ಕಗ್ಗಂಟು. ಒಂಟಾರಿಯೊದ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಅದನ್ನು ತಾರತಮ್ಯಕ್ಕೆ ದಾರಿಮಾಡುವ ಬೇಡಿಕೆ ಎಂದೇ ಹೇಳಿತು. ಹೇಳಿದ ಮಾತ್ರಕ್ಕೆ ಅದು ಮಾಯವಾಗಲಿಲ್ಲ.

ಆರ್ಟಿಕ್ಲಿಂಗ್ ಸಿಗದವರಿಗಾಗಿ ಒಂಟಾರಿಯೊ 2014ರಲ್ಲಿ ಲಾ ಪ್ರಾಕ್ಟೀಸ್ ಪ್ರೋಗ್ರಾಂ ಎಂಬ ಪರ್ಯಾಯ ತಂದಿತು. ಈಗ ಟೊರೊಂಟೊ ಮೆಟ್ರೊಪಾಲಿಟನ್ ಎಂಬ ಹೆಸರಿರುವ ವಿಶ್ವವಿದ್ಯಾಲಯ ಅದನ್ನು ನಡೆಸುತ್ತದೆ. ನಾಲ್ಕು ತಿಂಗಳು ಬಹುತೇಕ ಆನ್‌ಲೈನ್ ತರಬೇತಿ, ಮಿಕ್ಕ ನಾಲ್ಕು ತಿಂಗಳು ಕಚೇರಿಯಲ್ಲಿ ಕೆಲಸ. ತರಬೇತಿಯಲ್ಲಿ ಅಭ್ಯರ್ಥಿಗಳನ್ನು ಕೃತಕ ಲಾ ಫರ್ಮ್‌ಗಳಾಗಿ ಹಂಚಿ, ಕಕ್ಷಿದಾರರ ಫೈಲು ಕೊಟ್ಟು, ದಾವೆ ಬರೆಸಿ, ರಾಜಿ ಮಾತಾಡಿಸುತ್ತಾರೆ. ಆಲ್ಬರ್ಟಾ, ಮ್ಯಾನಿಟೋಬಾ, ಸಸ್ಕಾಚೆವಾನ್ ಮುಂತಾದ ಪ್ರಾಂತ್ಯಗಳ ಅಭ್ಯರ್ಥಿಗಳಿಗೂ ಹೆಚ್ಚಿನಂಶ ಆನ್‌ಲೈನಿನಲ್ಲೇ ನಡೆಯುವ ‘ಪ್ರೆಪ್’ ಎಂಬ ಸಿದ್ಧತಾ ತರಬೇತಿಯಿದೆ. ಭಾರತದಂಥ ದೇಶದಲ್ಲಿ ವಕೀಲಿ ಮಾಡಿದ ಅನುಭವ ಇದ್ದವರು ಒಂಟಾರಿಯೊದಲ್ಲಿ ಆರ್ಟಿಕ್ಲಿಂಗ್‌ನಿಂದ ವಿನಾಯಿತಿ ಕೇಳಿಯೂ ಅರ್ಜಿ ಹಾಕಬಹುದು. ಆದರೆ ವಿನಾಯಿತಿ ಪಡೆದು ಸನದು ಗಿಟ್ಟಿಸಿದವರ ಮುಂದಿನ ಪ್ರಶ್ನೆ ಸರಳ: ಕೆಲಸ ಕಲಿತದ್ದು ಎಲ್ಲಿ? ಮನೆ ಕೊಡುಕೊಳ್ಳುವಿಕೆಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಪತ್ರ ಬರಹಗಾರರು, ಸಬ್ ರಿಜಿಸ್ಟ್ರಾರ್ ಕಚೇರಿ ಸೇರಿ ಮುಗಿಸುವ ಕೆಲಸ ಅದು. ಒಂಟಾರಿಯೊದಲ್ಲಿ ಅದು ವಕೀಲರ ದಿನನಿತ್ಯದ ಅನ್ನ. ಹಣ ವಕೀಲರ ಟ್ರಸ್ಟ್ ಖಾತೆಯ ಮೂಲಕವೇ ಹರಿಯುತ್ತದೆ, ಹಕ್ಕು ವರ್ಗಾವಣೆ ಅವರ ಕಂಪ್ಯೂಟರಿನಿಂದಲೇ ನೋಂದಣಿಯಾಗುತ್ತದೆ. ಯಾವ ಸಿಲಬಸ್ಸೂ ಇದನ್ನು ಕೈಗೆ ಹತ್ತಿಸುವುದಿಲ್ಲ.

ಉಳಿದ ದೇಶಗಳು, ನಮ್ಮ ದೇಶ

ಇಂಗ್ಲೆಂಡಿನ ದಾರಿ 2021ರ ಸೆಪ್ಟೆಂಬರಿನಿಂದ ಎಸ್‌ಕ್ಯುಇ ಎಂಬ ಪರೀಕ್ಷೆಯದು. ಮೊದಲ ಹಂತದಲ್ಲಿ ತಲಾ 180 ಪ್ರಶ್ನೆಗಳ ಎರಡು ಪತ್ರಿಕೆಗಳು. ಇದನ್ನು ಭಾರತದಲ್ಲಿರುವ ಪರೀಕ್ಷಾ ಕೇಂದ್ರಗಳಲ್ಲೂ ಬರೆಯಬಹುದು. ಎರಡನೆಯ ಹಂತದ ಮೌಖಿಕ ಭಾಗಕ್ಕೆ ಮಾತ್ರ ಇಂಗ್ಲೆಂಡ್ ಅಥವಾ ವೇಲ್ಸ್‌ಗೆ ಹೋಗಲೇಬೇಕು. ಕ್ಯಾಲಿಫೋರ್ನಿಯಾ ತಮ್ಮ ದೇಶದಲ್ಲಿ ಸನದಿರುವ ವಿದೇಶಿ ವಕೀಲರನ್ನು ನೇರವಾಗಿ ಬಾರ್ ಪರೀಕ್ಷೆಗೆ ಕೂರಿಸುತ್ತದೆ. ನ್ಯೂಯಾರ್ಕ್ ಮಾತ್ರ ಪದವಿಯಲ್ಲಿ ಕೊರತೆ ಕಂಡರೆ ಅಮೆರಿಕದ ಕ್ಯಾಂಪಸ್ಸಿನಲ್ಲೇ ಓದಿದ 24 ಕ್ರೆಡಿಟ್‌ಗಳ ಎಲ್‌ಎಲ್‌ಎಂ ಕೇಳುತ್ತದೆ, ಆನ್‌ಲೈನ್ ಓದನ್ನು ಒಪ್ಪುವುದಿಲ್ಲ.

ಬೇರೆಯವರ ಬಾಗಿಲ ಬಗ್ಗೆ ಇಷ್ಟು ಮಾತಾಡಿದ ಮೇಲೆ ನಮ್ಮ ಬಾಗಿಲನ್ನೂ ನೋಡಬೇಕು. ವಿದೇಶದಲ್ಲಿ ಕಾನೂನು ಓದಿ ಬಂದ ಭಾರತೀಯರೇ ಇಲ್ಲಿ ಸನದು ಪಡೆಯಲು ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಡೆಸುವ ಅರ್ಹತಾ ಪರೀಕ್ಷೆ ಬರೆಯಬೇಕು. ವಿದೇಶಿ ವಕೀಲರು ಬಂದು ಸಲಹೆ ಕೊಟ್ಟು ಹೋಗಬಹುದೇ ಹೊರತು ಇಲ್ಲಿ ವಕೀಲಿ ನಡೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ದೂರಶಿಕ್ಷಣದ ಎಲ್‌ಎಲ್‌ಬಿಗೆ ಇಲ್ಲಿ ಮಾನ್ಯತೆಯೇ ಇಲ್ಲ. ಕೆನಡಾದ ಏಣಿಯನ್ನು ಉದ್ದವೆಂದು ದೂರುವ ಮೊದಲು, ಅದರ ಮೆಟ್ಟಿಲುಗಳು ಎಲ್ಲರ ಕಣ್ಣಿಗೆ ಕಾಣುವಂತಿವೆ ಎಂಬುದನ್ನು ಒಪ್ಪಬೇಕು.

ಹೊರಡುವವರಿಗೆ

ನೆಲೆ ಬದಲಿಸುವ ಯೋಚನೆಯಿರುವ ವಕೀಲರು ವೀಸಾ ಬರುವವರೆಗೆ ಕಾಯದೆ ಎನ್‌ಸಿಎ ಫೈಲು ತೆರೆಯುವುದು ಜಾಣತನ. ಅಂಕಪಟ್ಟಿ, ಪರಿಷತ್ತಿನ ಪತ್ರ ಇಲ್ಲಿದ್ದಾಗಲೇ ಕಳಿಸಿ. ದುಡ್ಡು ಕೊಟ್ಟು ಕೋಚಿಂಗ್ ಸೇರುವ ಮುಂಚೆ ಸಿಲಬಸ್ ಇಳಿಸಿಕೊಂಡು ಬೇಕರ್, ವಾವಿಲೋವ್ ಎರಡನ್ನು ಪೂರ್ತಿ ಓದಿ ನೋಡಿ. ಆ ಓದು ಹಿಡಿಸದಿದ್ದರೆ ಮುಂದಿನದೂ ಹಿಡಿಸುವುದಿಲ್ಲ. ಸಾಧ್ಯವಾದಷ್ಟು ವಿಷಯ ಇಲ್ಲಿಂದಲೇ ಮುಗಿಸಿ, ಉಳಿದ ಹಣವನ್ನು ಆರ್ಟಿಕ್ಲಿಂಗ್ ಹುಡುಕುವ ತಿಂಗಳುಗಳಿಗೆ ಇಟ್ಟುಕೊಳ್ಳಿ. ಮೊದಲಾರ್ಧದ ಖರ್ಚು ಮತ್ತು ಕಾಲವನ್ನು ಆನ್‌ಲೈನ್ ಓದು ನಿಜಕ್ಕೂ ಇಳಿಸಿದೆ. ಎರಡನೆಯ ಅರ್ಧ ಇವತ್ತಿಗೂ ಯಾರೋ ಒಬ್ಬ ಸೀನಿಯರ್ ಕಚೇರಿಯ ಬಾಗಿಲಲ್ಲೇ ನಿರ್ಧಾರವಾಗುತ್ತದೆ. ಮತ್ತೊಂದು ಮಾತು: ಎನ್‌ಸಿಎ ಪ್ರಮಾಣಪತ್ರ ಬಂದ ಖುಷಿಯಲ್ಲಿ ವಿಸಿಟಿಂಗ್ ಕಾರ್ಡಿನ ಮೇಲೆ ವಕೀಲ ಎಂದು ಅಚ್ಚು ಹಾಕಿಸಬೇಡಿ. ಲಾ ಸೊಸೈಟಿ ಸನದು ಕೊಡುವ ಮುಂಚೆ ಹಾಗೆ ಹೇಳಿಕೊಳ್ಳುವುದು ಒಂಟಾರಿಯೊದಲ್ಲಿ ಅಪರಾಧ.